ಅಡುಗೆಮನೆ ತಪಾಸಣೆ: ಥರ್ಮಾಮೀಟರ್, ಗಡಿಯಾರ ಮತ್ತು ಕೈತೊಳೆಯುವ ಸಿಂಕ್

ರೆಸ್ಟೋರೆಂಟಿನ ಅಡುಗೆಮನೆ ಬಾಗಿಲಲ್ಲಿ ಆಹಾರ ಸುರಕ್ಷತಾ ಅಧಿಕಾರಿ ಕಾಣಿಸಿಕೊಂಡರೆ ಒಳಗೆ ಮೊದಲು ಶುರುವಾಗುವುದು ಒರೆಸುವ ಗಡಿಬಿಡಿ. ಕೌಂಟರಿಗೆ ಬಟ್ಟೆ ಬೀಳುತ್ತದೆ, ತಲೆಗೆ ಟೊಪ್ಪಿ ಏರುತ್ತದೆ, ಯಾರೋ ನೆಲಕ್ಕೆ ನೀರು ಹಾಕುತ್ತಾರೆ. ಪಳಗಿದ ಅಧಿಕಾರಿಯ ಕಣ್ಣು ಅಷ್ಟರಲ್ಲಿ ಬೇರೆ ಕಡೆ ಹೋಗಿರುತ್ತದೆ. ಕೈತೊಳೆಯುವ ಸಿಂಕ್ ಒದ್ದೆಯಾಗಿದೆಯೋ ಒಣಗಿದೆಯೋ? ಒಲೆಯಿಂದ ಇಳಿಸಿದ ದೊಡ್ಡ ಪಾತ್ರೆ ಎಲ್ಲಿ ಕೂತಿದೆ, ಎಷ್ಟು ಹೊತ್ತಿನಿಂದ? ನೆಲದ ಜಿಡ್ಡಿಗೂ ಅಂಕ ಹೋಗುತ್ತದೆ, ಸುಳ್ಳಲ್ಲ. ಆದರೆ ಉಂಡವರು ಆಸ್ಪತ್ರೆ ಸೇರುವುದು ಸಾಮಾನ್ಯವಾಗಿ ನೆಲದ ದೆಸೆಯಿಂದಲ್ಲ. ಸರಿಯಾಗಿ ಬೇಯದ, ನಿಧಾನವಾಗಿ ಆರಿದ, ತೊಳೆಯದ ಕೈ ತಾಗಿದ ಆಹಾರದಿಂದ.

ಈ ಭೇದವನ್ನು ನಿಯಮಗಳೂ ಒಪ್ಪುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಪ್ರಕಟಿಸುವ 'ಫುಡ್ ಕೋಡ್' ಎಂಬ ಮಾದರಿ ನಿಯಮಾವಳಿ ತಪ್ಪುಗಳನ್ನು ಮೂರು ದರ್ಜೆಗಳಲ್ಲಿ ಇಡುತ್ತದೆ. ಬೇಯಿಸುವ ಶಾಖ, ಕೈ ತೊಳೆಯುವುದು, ಹಸಿ ಮಾಂಸದ ರಸ ಬೆಂದದ್ದಕ್ಕೆ ತಾಗದಂತೆ ನೋಡಿಕೊಳ್ಳುವುದು ಮುಂತಾಗಿ ರೋಗವನ್ನು ನೇರವಾಗಿ ತಡೆಯುವ ಸಂಗತಿಗಳು ಮೊದಲ ದರ್ಜೆಯಲ್ಲಿವೆ. ಅವುಗಳಿಗೆ ಆಸರೆಯಾಗುವಂಥವು, ಅಂದರೆ ಥರ್ಮಾಮೀಟರ್ ಇದೆಯೇ, ಸಿಂಕಿನ ಬಳಿ ಸೋಪಿದೆಯೇ ಎಂಬಂಥವು, ಎರಡನೆಯದರಲ್ಲಿ. ನೆಲ, ಗೋಡೆ, ದೀಪ, ಸೂರು ಮೂರನೆಯದು. ಮೊದಲ ದರ್ಜೆಯ ತಪ್ಪನ್ನು ಅಲ್ಲೇ, ಅಧಿಕಾರಿಯ ಎದುರೇ ತಿದ್ದಬೇಕು. ಆಗದಿದ್ದರೆ ಹೆಚ್ಚೆಂದರೆ 72 ಗಂಟೆ ಗಡುವು ಸಿಗುತ್ತದೆ. ಎರಡನೆಯದಕ್ಕೆ 10 ದಿನ, ಮೂರನೆಯದಕ್ಕೆ 90 ದಿನದವರೆಗೆ ಅವಕಾಶ. ಬಿರುಕು ಬಿಟ್ಟ ಟೈಲ್ಸಿಗೆ ಮೂರು ತಿಂಗಳು, ಬೇಯದ ಕೋಳಿಗೆ ಮೂರು ನಿಮಿಷವೂ ಇಲ್ಲ.

ತಪಾಸಣೆಯ ಈ ತರ್ಕ ಬಂದದ್ದು ಹೋಟೆಲ್ ಉದ್ಯಮದಿಂದಲ್ಲ, ಬಾಹ್ಯಾಕಾಶ ಯಾನದಿಂದ. 1960ರ ದಶಕದಲ್ಲಿ ಪಿಲ್ಸ್‌ಬರಿ ಕಂಪನಿ, ನಾಸಾ ಮತ್ತು ಅಮೆರಿಕ ಸೇನೆಯ ನಾಟಿಕ್ ಪ್ರಯೋಗಾಲಯ ಸೇರಿ ಗಗನಯಾತ್ರಿಗಳ ಊಟ ತಯಾರಿಸುತ್ತಿದ್ದಾಗ ಒಂದು ತೊಡಕು ಎದುರಾಯಿತು. ತಯಾರಾದ ಊಟ ಸುರಕ್ಷಿತವೆಂದು ಖಾತ್ರಿಯಾಗಬೇಕಾದರೆ ಅದರ ಬಹುಪಾಲನ್ನು ಪರೀಕ್ಷೆಗೇ ಬಲಿಕೊಡಬೇಕು. ಹಾಗಾಗಿ ಕೊನೆಯಲ್ಲಿ ಪರೀಕ್ಷಿಸುವ ಬದಲು, ತಯಾರಿಯ ಯಾವ ಹಂತದಲ್ಲಿ ಅಪಾಯ ಒಳನುಗ್ಗುತ್ತದೋ ಆ ಹಂತವನ್ನು ಹಿಡಿದು ಅಲ್ಲೇ ಅಳೆಯುವ ಪದ್ಧತಿ ರೂಪುಗೊಂಡಿತು. ಅದೇ ಹ್ಯಾಸಪ್. ಅಂತಾರಾಷ್ಟ್ರೀಯ ಆಹಾರ ಮಾನದಂಡಗಳ ಕೋಡೆಕ್ಸ್ ಆಯೋಗ 1993ರಲ್ಲಿ ಅದನ್ನು ಅಂಗೀಕರಿಸಿತು. ರೆಸ್ಟೋರೆಂಟಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಪ್ರತಿ ತಟ್ಟೆಯನ್ನು ಪ್ರಯೋಗಾಲಯಕ್ಕೆ ಕಳಿಸಲಾಗದು, ಪ್ರತಿ ಪಾತ್ರೆಯ ಶಾಖ ಅಳೆಯಬಹುದು.

ಐದರಿಂದ ಅರವತ್ತರ ನಡುವೆ

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಪ್ರಕಾರ ತಣ್ಣನೆಯ ಆಹಾರ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು, ಬಿಸಿಯದ್ದು 60ಕ್ಕಿಂತ ಮೇಲಿರಬೇಕು. ಅಮೆರಿಕದ ಫುಡ್ ಕೋಡ್ 5 ಮತ್ತು 57 ಎನ್ನುತ್ತದೆ, ಬ್ರಿಟನ್ನಿನ ಇಂಗ್ಲೆಂಡ್ ಭಾಗದಲ್ಲಿ ಕಾನೂನಿನ ಗಡಿ 8 ಮತ್ತು 63. ಅಂಕಿ ಆಚೀಚೆಯಾದರೂ ಕಾರಣ ಒಂದೇ. ಈ ನಡುವಿನ ಪಟ್ಟಿಯಲ್ಲಿ ಬ್ಯಾಕ್ಟೀರಿಯಾ ದುಪ್ಪಟ್ಟಾಗುತ್ತಾ ಹೋಗುತ್ತವೆ. 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುವ ಒಂದೇ ಒಂದು ಕಣ 4 ಗಂಟೆಯಲ್ಲಿ 4,096 ಆಗುತ್ತದೆ. ಮಾಂಸದ ಸಾರು, ಗ್ರೇವಿಗಳಲ್ಲಿ ಕಾಟ ಕೊಡುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಇನ್ನೂ ಅವಸರದ್ದು. 45 ಡಿಗ್ರಿಯ ಆಸುಪಾಸಿನಲ್ಲಿ ಅದಕ್ಕೆ 10 ನಿಮಿಷ ಸಾಕು. ಹಾಗೆ ನೋಡಿದರೆ 3 ಗಂಟೆಯಲ್ಲಿ ಒಂದು ಕಣ 2,62,144 ಆಗುತ್ತದೆ.

'ಚೆನ್ನಾಗಿ ಕುದಿಸಿದ್ದೇವಲ್ಲ, ಇನ್ನೇನು ಉಳಿದಿರುತ್ತದೆ?' ಎಂಬುದು ಅಡುಗೆಮನೆಗಳಲ್ಲಿ ಕೇಳಿಬರುವ ಮಾಮೂಲಿ ವಾದ. ಉಳಿದಿರುತ್ತದೆ. ಪರ್ಫ್ರಿಂಜೆನ್ಸ್ ಮತ್ತು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಎರಡೂ ಬೀಜಕಗಳನ್ನು, ಅಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ರೂಪವನ್ನು, ಕಟ್ಟಿಕೊಳ್ಳುತ್ತವೆ, ಆ ಬೀಜಕಗಳು ಕುದಿಯುವ ನೀರಿಗೆ ಜಗ್ಗುವುದಿಲ್ಲ. ಕುದಿಸಿದಾಗ ಸತ್ತದ್ದು ಉಳಿದ ಬ್ಯಾಕ್ಟೀರಿಯಾ, ಅಂದರೆ ಬೀಜಕಗಳ ಪೈಪೋಟಿದಾರರು. ಪಾತ್ರೆ ಆರತೊಡಗಿದ ಮೇಲೆ ಎಚ್ಚೆತ್ತ ಬೀಜಕಗಳಿಗೆ ಇಡೀ ಪಾತ್ರೆಯೇ ಖಾಲಿ ಮೈದಾನ. ಇನ್ನು ಬ್ಯಾಸಿಲಸ್ ಸೀರಿಯಸ್ ಅನ್ನದಲ್ಲಿ ಬೆಳೆದು ಬಿಡುಗಡೆ ಮಾಡುವ ವಾಂತಿ ತರುವ ವಿಷ 121 ಡಿಗ್ರಿಯ ಶಾಖವನ್ನೂ ತಡೆದುಕೊಳ್ಳುತ್ತದೆ. ಬೆಳಿಗ್ಗೆ ಮಾಡಿ ಹೊರಗಿಟ್ಟ ಅನ್ನವನ್ನು ರಾತ್ರಿ ಬಾಣಲೆಯಲ್ಲಿ ಎಷ್ಟು ಹುರಿದರೂ ಆ ವಿಷ ಅಲ್ಲೇ ಇರುತ್ತದೆ. ಚರ್ಮದಲ್ಲಿ, ಮೂಗಿನಲ್ಲಿ, ಬೆರಳಿನ ಗಾಯದಲ್ಲಿ ಇರುವ ಸ್ಟ್ಯಾಫಿಲೊಕಾಕಸ್ ಆರಿಯಸ್ಸಿನ ವಿಷವೂ ಕುದಿಸಿದರೆ ಹೋಗುವುದಿಲ್ಲ. ಇವು ಯಾವುವೂ ವಾಸನೆ ಕೊಡಬೇಕೆಂದಿಲ್ಲ, ರುಚಿ ಕೆಡಿಸಬೇಕೆಂದಿಲ್ಲ. ಮೂಸಿ ನೋಡುವುದು ಹಳಸಿದ್ದನ್ನು ಹಿಡಿಯುತ್ತದೆ, ವಿಷವನ್ನಲ್ಲ.

ಪಾತ್ರೆ ಆರುವ ಆರು ಗಂಟೆ

ಅಡುಗೆಮನೆಗಳು ಅತಿ ಹೆಚ್ಚು ಎಡವುವ ಜಾಗ ಬೇಯಿಸುವುದಲ್ಲ, ಆರಿಸುವುದು. ಬೇಯಿಸುವಾಗ ಎಲ್ಲರ ಗಮನ ಒಲೆಯ ಮೇಲಿರುತ್ತದೆ. ಆರುವಾಗ ಎಲ್ಲರೂ ಮನೆಗೆ ಹೊರಟಿರುತ್ತಾರೆ.

ಫುಡ್ ಕೋಡಿನ ಗಡುವು ಎರಡು ಹಂತದ್ದು. 57 ಡಿಗ್ರಿಯಿಂದ 21ಕ್ಕೆ 2 ಗಂಟೆಯೊಳಗೆ ಇಳಿಯಬೇಕು, ಒಟ್ಟು 6 ಗಂಟೆ ತುಂಬುವಷ್ಟರಲ್ಲಿ 5 ಡಿಗ್ರಿಗೆ ಬರಬೇಕು. ಮೊದಲ ಹಂತಕ್ಕೆ ಕಡಿಮೆ ಸಮಯ ಕೊಟ್ಟಿರುವುದು ಬ್ಯಾಕ್ಟೀರಿಯಾ ಅತಿ ಚುರುಕಾಗಿರುವುದು ಆ ಪಟ್ಟಿಯಲ್ಲೇ ಆದ್ದರಿಂದ. 2 ಗಂಟೆಗೆ 21 ಮುಟ್ಟಲಿಲ್ಲವೆಂದು ಆಗಲೇ ಗೊತ್ತಾದರೆ ತಡಮಾಡದೆ 74 ಡಿಗ್ರಿಗೆ ಮತ್ತೆ ಕಾಯಿಸಿ, ಈ ಸಲ ಬೇರೆ ವಿಧಾನದಲ್ಲಿ ಆರಿಸಬಹುದು. 6 ಗಂಟೆಯೂ ದಾಟಿದ್ದರೆ ಚೆಲ್ಲುವುದೊಂದೇ ದಾರಿ.

20 ಲೀಟರಿನ ಆಳದ ಪಾತ್ರೆಯನ್ನು ಮುಚ್ಚಳ ಬಿಗಿದು ಫ್ರಿಜ್ಜಿನೊಳಗೆ ಇಟ್ಟರೆ ಈ ಗಡುವು ಹತ್ತಿರಕ್ಕೂ ಬರುವುದಿಲ್ಲ. ಫ್ರಿಜ್ ಇರುವುದು ತಣ್ಣಗಿರುವುದನ್ನು ತಣ್ಣಗೆ ಉಳಿಸಲಿಕ್ಕೆ. ಕುದಿಯುವ ಪಾತ್ರೆಯ ಶಾಖ ಹೀರುವ ಶಕ್ತಿ ಅದರ ಕಂಪ್ರೆಸರಿಗೆ ಇಲ್ಲ. ಗಟ್ಟಿ ಗ್ರೇವಿಯಲ್ಲಿ ನಡುವಿನ ಶಾಖ ಅಂಚಿಗೆ ಇಂಚಿಂಚಾಗಿ ತೆವಳಬೇಕು. ಹೀಗೆ ತೆವಳಲು ಬೇಕಾದ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಅರ್ಧವಾದರೆ ಸಮಯ ಕಾಲುಭಾಗ. 20 ಸೆಂಟಿಮೀಟರ್ ಆಳದ್ದನ್ನು 5 ಸೆಂಟಿಮೀಟರ್ ಆಳದ ಟ್ರೇಗಳಿಗೆ ಸುರಿದರೆ ಲೆಕ್ಕದ ಮೇಲೆ ಹದಿನಾರರಲ್ಲೊಂದು ಭಾಗ ಸಮಯ ಸಾಕು. ವಾಸ್ತವದಲ್ಲಿ ಅಷ್ಟು ಲಾಭ ಸಿಗದು, ಏಕೆಂದರೆ ಸುತ್ತಲಿನ ಗಾಳಿಯೂ ಶಾಖವನ್ನು ಹೊತ್ತೊಯ್ಯಬೇಕಲ್ಲ. ಆದರೂ ರಾತ್ರಿಯಿಡೀ ಆರದಿದ್ದದ್ದು ಒಂದೆರಡು ಗಂಟೆಯಲ್ಲಿ ಆರುತ್ತದೆ. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿದರೆ ಮತ್ತೆ 20 ಸೆಂಟಿಮೀಟರಿನ ಗಡ್ಡೆಯೇ ಆಯಿತು. ನಡುವೆ ಗಾಳಿಯಾಡಬೇಕು, ಆರುವ ತನಕ ಮುಚ್ಚಳ ಸಡಿಲವಾಗಿರಬೇಕು.

ಇನ್ನೊಂದು ದಾರಿ ಐಸ್ ತೊಟ್ಟಿ. ಸಿಂಕಿನಲ್ಲಿ ಐಸ್ ಮತ್ತು ನೀರು ತುಂಬಿ ಪಾತ್ರೆಯನ್ನು ಅದರಲ್ಲಿ ಕೂರಿಸಿ, ಒಳಗಿನ ಸಾರಿನ ಮಟ್ಟದವರೆಗೂ ಹೊರಗೆ ಐಸ್ ನೀರು ಇರುವಂತೆ ನೋಡಿಕೊಂಡು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ತಿರುವಬೇಕು. ಬರೀ ಐಸ್ ಹಾಕಿದರೆ ಪಾತ್ರೆಗೂ ಐಸಿಗೂ ನಡುವೆ ಗಾಳಿ ನಿಂತುಬಿಡುತ್ತದೆ, ನೀರು ಸೇರಿದರೇ ಶಾಖ ಎಳೆಯುವುದು. ತಿರುವದೆ ಬಿಟ್ಟರೆ ಅಂಚು ತಣ್ಣಗಾಗಿ ನಡುಭಾಗ ಬಿಸಿಯಾಗೇ ಇರುತ್ತದೆ. ತೆಳ್ಳಗಿನ ಸಾರಿಗಂತೂ ಇದಕ್ಕಿಂತ ಸುಲಭದ ಉಪಾಯವಿದೆ. ಹಾಕಬೇಕಾದ ನೀರಿನಲ್ಲಿ ಕಾಲುಭಾಗ ಉಳಿಸಿಕೊಂಡು ಗಟ್ಟಿಯಾಗಿ ಕುದಿಸಿ, ಕೊನೆಗೆ ಆ ಉಳಿಕೆಯನ್ನು ಐಸ್ ರೂಪದಲ್ಲಿ ಸೇರಿಸುವುದು. 90 ಡಿಗ್ರಿಯ 15 ಲೀಟರಿಗೆ 5 ಕಿಲೋ ಐಸ್ ಹಾಕಿ ಕದಡಿದರೆ ಐಸ್ ಕರಗುವಷ್ಟರಲ್ಲಿ ಸಾರು 48 ಡಿಗ್ರಿಯ ಹತ್ತಿರ ಬಂದಿರುತ್ತದೆ. ಆ ಐಸ್ ಕುಡಿಯುವ ನೀರಿನದ್ದಾಗಿರಬೇಕು. ಐಸ್ ಯಂತ್ರದ ಒಳಗೋಡೆಯಲ್ಲಿ ಗುಲಾಬಿ ಅಥವಾ ಕಪ್ಪು ಲೋಳೆ ಕಟ್ಟಿರುವುದು ತಪಾಸಣೆಯಲ್ಲಿ ಸಿಕ್ಕಿಬೀಳುವ ಸಾಮಾನ್ಯ ಕೊರತೆ ಎಂಬುದೂ ಇಲ್ಲಿ ನೆನಪಿರಲಿ. ಐಸ್ ಕೂಡ ಆಹಾರವೇ ಎಂದು ಬಹಳ ಅಡುಗೆಮನೆಗಳಿಗೆ ಅನಿಸಿಯೇ ಇರುವುದಿಲ್ಲ.

ಬೆಳಗಿನ ಹೊತ್ತು ಬರುವ ಅಧಿಕಾರಿ ಇದನ್ನು ಹಿಡಿಯುವ ಬಗೆ ಸರಳ. ಫ್ರಿಜ್ಜಿನಲ್ಲಿರುವ ಅತಿ ದೊಡ್ಡ ಡಬ್ಬಿಯನ್ನು ಹುಡುಕಿ, ಥರ್ಮಾಮೀಟರಿನ ಕಡ್ಡಿಯನ್ನು ಮೊದಲು ಅಂಚಿಗೆ, ಆಮೇಲೆ ನಟ್ಟನಡುವಿಗೆ ಇಳಿಸುತ್ತಾರೆ. ಅಂಚು 5, ನಡು 14 ಬಂದರೆ ಆ ಡಬ್ಬಿ ನಿನ್ನೆ ರಾತ್ರಿಯ ಕಥೆಯನ್ನೆಲ್ಲ ಹೇಳಿದಂತೆ. ಅಡುಗೆಯವರನ್ನು ಕೇಳುವುದು ಒಂದೇ ಪ್ರಶ್ನೆ: 'ಇದನ್ನು ಒಲೆಯಿಂದ ಇಳಿಸಿದ್ದು ಎಷ್ಟು ಗಂಟೆಗೆ?'

ಮತ್ತೆ ಬಿಸಿ ಮಾಡುವಾಗಲೂ ಒಂದು ಗುಂಡಿ ಇದೆ. ತಣ್ಣಗಾದದ್ದನ್ನು 2 ಗಂಟೆಯೊಳಗೆ 74 ಡಿಗ್ರಿಗೆ ಏರಿಸಿ ಆಮೇಲೆ ಬಿಸಿ ಕೌಂಟರಿಗೆ ಹಾಕಬೇಕು. ಫ್ರಿಜ್ಜಿನಿಂದ ತೆಗೆದು ನೇರ ಬಿಸಿ ಕೌಂಟರಿಗೆ ಇಟ್ಟರೆ ಅದು ಗಂಟೆಗಟ್ಟಲೆ 30, 40 ಡಿಗ್ರಿಯಲ್ಲಿ ಓಲಾಡುತ್ತಿರುತ್ತದೆ, ಏಕೆಂದರೆ ಆ ಯಂತ್ರ ಶಾಖ ಉಳಿಸುವುದಕ್ಕೆ ಮಾಡಿದ್ದು, ಏರಿಸುವುದಕ್ಕಲ್ಲ.

ಸುಳ್ಳು ಹೇಳುವ ಥರ್ಮಾಮೀಟರ್

ಕೋಳಿ ಮಾಂಸ 74 ಡಿಗ್ರಿ ಮುಟ್ಟಬೇಕು. ಕೊಚ್ಚಿದ ಮಾಂಸಕ್ಕೆ 68 ಡಿಗ್ರಿಯಲ್ಲಿ 17 ಸೆಕೆಂಡ್, ಇಡೀ ತುಂಡಿನ ಮೀನಿಗೆ 63 ಡಿಗ್ರಿಯಲ್ಲಿ 15 ಸೆಕೆಂಡ್ ಎಂಬುದು ಫುಡ್ ಕೋಡಿನ ಮಾತು. ಬ್ರಿಟನ್ನಿನವರು 70 ಡಿಗ್ರಿಯಲ್ಲಿ 2 ನಿಮಿಷ ಎನ್ನುತ್ತಾರೆ. 75ರಲ್ಲಿ 30 ಸೆಕೆಂಡ್, 80ರಲ್ಲಿ 6 ಸೆಕೆಂಡ್ ಇಟ್ಟರೂ ಅದೇ ಫಲ. ಬ್ಯಾಕ್ಟೀರಿಯಾ ಸಾಯುವುದು ಶಾಖ ಮತ್ತು ಸಮಯ ಎರಡರಿಂದಲೂ, ಒಂದು ಹೆಚ್ಚಿದರೆ ಇನ್ನೊಂದು ಕಡಿಮೆ ಸಾಕು.

ಕೊಚ್ಚಿದ ಮಾಂಸಕ್ಕೆ ಪ್ರತ್ಯೇಕ ಅಂಕಿ ಏಕೆ? ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೊರಮೈಯಲ್ಲಿರುತ್ತವೆ, ಹೊರಮೈ ಸುಟ್ಟರೆ ಬಹುತೇಕ ಮುಗಿಯಿತು. ಕೊಚ್ಚಿದಾಗ ಹೊರಮೈಯೇ ಒಳಗೆ ಸೇರಿಬಿಡುತ್ತದೆ. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಅರೆಬೆಂದ ಬರ್ಗರ್‌ಗಳಿಂದ ಇ-ಕೋಲಿ ಒ157 ಎಂಬ ಬ್ಯಾಕ್ಟೀರಿಯಾ ಹರಡಿ 700ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, 4 ಮಕ್ಕಳು ಸತ್ತರು. ಅದಾದ ಮೇಲೆಯೇ ಅಲ್ಲಿನ ಕೇಂದ್ರೀಯ ಶಿಫಾರಸು 60 ಡಿಗ್ರಿಯಿಂದ 68ಕ್ಕೆ ಏರಿದ್ದು.

ಅಂಕಿ ಗೊತ್ತಿದ್ದರೆ ಸಾಲದು, ಅಳೆಯುವ ಸಾಧನ ನಿಜ ಹೇಳಬೇಕು. ಪರೀಕ್ಷೆ ಹೀಗೆ: ದೊಡ್ಡ ಲೋಟದ ತುಂಬ ಪುಡಿ ಐಸ್ ತುಂಬಿ, ಐಸಿನ ಮಟ್ಟದವರೆಗೆ ನೀರು ಹೊಯ್ದು, ಕದಡಿ ಒಂದೆರಡು ನಿಮಿಷ ಬಿಡಿ. ಕಡ್ಡಿಯನ್ನು 5 ಸೆಂಟಿಮೀಟರ್ ಇಳಿಸಿ, ತಳಕ್ಕೂ ಗೋಡೆಗೂ ತಾಗಿಸಬೇಡಿ, ಅಂಕಿ ನಿಲ್ಲುವವರೆಗೆ ಕಾಯಿರಿ. 0 ಬರಬೇಕು; ಒಂದು ಡಿಗ್ರಿ ಆಚೀಚೆ ನಡೆಯುತ್ತದೆ. ನೀರು ಹೆಚ್ಚಾಗಿ ಐಸ್ ತೇಲುತ್ತಿದ್ದರೆ ತಳದ ನೀರು 3, 4 ಡಿಗ್ರಿ ಇರಬಹುದು, ಆಗ ಸರಿಯಿರುವ ಥರ್ಮಾಮೀಟರೇ ಕೆಟ್ಟಂತೆ ಕಾಣುತ್ತದೆ. ಕುದಿಯುವ ನೀರಿನ ಪರೀಕ್ಷೆಯೂ ಉಂಟು, ಆದರೆ ಸಮುದ್ರಮಟ್ಟದಿಂದ 300 ಮೀಟರ್ ಮೇಲೇರಿದಂತೆಲ್ಲ ನೀರು ಸುಮಾರು 1 ಡಿಗ್ರಿ ಕಡಿಮೆಯಲ್ಲೇ ಕುದಿಯುವುದರಿಂದ ಐಸೇ ನಂಬಿಕಸ್ಥ.

ಗಡಿಯಾರದಂಥ ಮುಖವಿರುವ ಮುಳ್ಳಿನ ಥರ್ಮಾಮೀಟರ್ ತನ್ನ ಕಡ್ಡಿಯ ಕೆಲವು ಸೆಂಟಿಮೀಟರ್ ಉದ್ದದ ಸರಾಸರಿ ಶಾಖ ತೋರಿಸುತ್ತದೆ. ತೆಳ್ಳನೆಯ ಮಾಂಸದ ಬಿಲ್ಲೆಗೆ ಅದನ್ನು ಚುಚ್ಚಿದರೆ ಅರ್ಧ ಕಡ್ಡಿ ಗಾಳಿಯಲ್ಲೇ ಇರುತ್ತದೆ. ಅಂಥದಕ್ಕೆ ತುದಿಯಲ್ಲಷ್ಟೇ ಅಳೆಯುವ ಡಿಜಿಟಲ್ ಸಾಧನ ಬೇಕು. ಕೆಂಪು ಚುಕ್ಕಿ ಬಿಡುವ ಇನ್‌ಫ್ರಾರೆಡ್ ಗನ್ ಮೇಲ್ಮೈಯ ಶಾಖವನ್ನಷ್ಟೇ ಹೇಳುತ್ತದೆ, ಒಳಗೆ ಬೆಂದಿದೆಯೇ ಎಂದು ಅದಕ್ಕೆ ತಿಳಿಯದು. ಫ್ರಿಜ್ಜಿನ ಬಾಗಿಲ ಮೇಲಿನ ಅಂಕಿ ಸೆನ್ಸರ್ ಪಕ್ಕದ ಗಾಳಿಯದ್ದು; ಮೇಲಿನ ಹಲಗೆಯಲ್ಲಿ ಒಂದು ಲೋಟ ನೀರಿಟ್ಟು ಅದರ ಶಾಖ ನೋಡಿದರೆ ಆಹಾರದ ನಿಜಸ್ಥಿತಿಗೆ ಹತ್ತಿರ ಬರುತ್ತೀರಿ. ಒಂದರಿಂದ ತೆಗೆದ ಕಡ್ಡಿಯನ್ನು ಒರೆಸಿ ಶುದ್ಧಿ ಮಾಡದೆ ಇನ್ನೊಂದಕ್ಕೆ ಚುಚ್ಚಿದರೆ ಅಳೆಯುವ ಕೆಲಸವೇ ಸೋಂಕು ಹರಡುವ ಕೆಲಸವಾಗುತ್ತದೆ.

ಕೈ, ಗ್ಲೌಸು, ಕಾಯಿಲೆ

ಕೈತೊಳೆಯುವ ಸಿಂಕ್ ಬೇರೆಯೇ ಇರಬೇಕು, ಅದರಲ್ಲಿ ತರಕಾರಿ ತೊಳೆಯುವಂತಿಲ್ಲ, ಎದುರಿಗೆ ಬಕೆಟ್ ಇಡುವಂತಿಲ್ಲ. ಹರಿಯುವ ನೀರು, ಸೋಪು, ಒಮ್ಮೆ ಬಳಸಿ ಎಸೆಯುವ ಕಾಗದದ ಟವೆಲ್ ಮೂರೂ ಕೈಗೆಟುಕಬೇಕು. ಮಧ್ಯಾಹ್ನದ ಭರಾಟೆಯಲ್ಲಿ ಸಿಂಕ್ ಒಣಗಿ ಕೂತಿದ್ದರೆ, ಸೋಪಿನ ಬಾಯಿ ಗಟ್ಟಿ ಕಟ್ಟಿದ್ದರೆ, ಯಾರೂ ಕೈ ತೊಳೆಯುತ್ತಿಲ್ಲವೆಂದು ಅಧಿಕಾರಿಗೆ ಯಾರೂ ಹೇಳಬೇಕಾಗಿಲ್ಲ.

ಗ್ಲೌಸ್ ಬಗ್ಗೆ ಒಂದು ಮಾತು. ಗ್ಲೌಸ್ ಹಾಕಿದ ಕೈ ಶುದ್ಧ ಎಂಬ ಭ್ರಮೆ ಬಲವಾಗಿದೆ. ಹಸಿ ಕೋಳಿ ಮುಟ್ಟಿದ ಗ್ಲೌಸಿನಲ್ಲೇ ಸಲಾಡ್ ಕಲಸಿದರೆ ಬರಿಗೈಗೂ ಅದಕ್ಕೂ ವ್ಯತ್ಯಾಸವಿಲ್ಲ. ಬರಿಗೈಯಾದರೆ ಅಂಟು ಅನಿಸಿಯಾದರೂ ತೊಳೆಯುತ್ತಿದ್ದರು. ಕೆಲಸ ಬದಲಾದಾಗ ಗ್ಲೌಸ್ ಬದಲಾಗಬೇಕು, ಹೊಸತನ್ನು ಹಾಕುವ ಮುನ್ನ ಕೈ ತೊಳೆಯಬೇಕು. ಇಷ್ಟು ಪಾಲಿಸದ ಕಡೆ ಗ್ಲೌಸ್ ಬರೀ ಪ್ರದರ್ಶನ.

ಸ್ಯಾನಿಟೈಸರ್ ಜೆಲ್ ಕೂಡ ಸೋಪಿಗೆ ಪರ್ಯಾಯವಲ್ಲ. ವಾಂತಿಭೇದಿ ತರುವ ನೊರೊವೈರಸ್ಸಿನ ಮೇಲೆ ಆಲ್ಕೋಹಾಲ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದನ್ನು ಉಜ್ಜಿ ತೊಳೆದೇ ಕಳೆಯಬೇಕು. 20 ಸೆಕೆಂಡ್ ಬೇಕೆನ್ನುವುದು ಅದಕ್ಕೇ. ಬೆರಳೆಣಿಕೆಯಷ್ಟು ವೈರಸ್ ಕಣಗಳು ಒಬ್ಬರನ್ನು ಮಲಗಿಸಬಲ್ಲವು. ವಾಂತಿ, ಭೇದಿ ಆದ ಸಿಬ್ಬಂದಿ ಲಕ್ಷಣಗಳು ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಬರಬಾರದೆನ್ನುವುದು ಏಕೆಂದರೆ ಹುಷಾರಾದ ಮೇಲೂ ವೈರಸ್ ಹೊರಬರುತ್ತಿರುತ್ತದೆ. ಈ ನಿಯಮ ಗೋಡೆಯ ಮೇಲೆ ಅಂಟಿಸಿದ್ದರೆ ಸಾಲದು. ರಜೆ ಹಾಕಿದರೆ ಸಂಬಳ ಕತ್ತರಿಸುವ ಜಾಗದಲ್ಲಿ ಯಾರೂ ತಮಗೆ ಭೇದಿಯೆಂದು ಹೇಳಿಕೊಳ್ಳುವುದಿಲ್ಲ. ಹಾಗಾಗಿ ಜಾಣ ಅಧಿಕಾರಿ 'ನಿಯಮ ಏನು' ಎಂದು ಮ್ಯಾನೇಜರನ್ನು ಕೇಳುವ ಬದಲು 'ಹೊಟ್ಟೆ ಕೆಟ್ಟರೆ ಏನು ಮಾಡುತ್ತೀ' ಎಂದು ಪಾತ್ರೆ ತೊಳೆಯುವವರನ್ನು ಕೇಳುತ್ತಾರೆ.

ಕೊಯ್ದ ಬೆರಳಿಗೆ ನೀಲಿ ಪ್ಲಾಸ್ಟರ್ ಹಾಕಿಸುವುದರ ಹಿಂದೆ ಸರಳ ಯುಕ್ತಿ ಇದೆ: ನೀಲಿ ಬಣ್ಣದ ಆಹಾರ ಇಲ್ಲವೆನ್ನುವಷ್ಟು ಕಡಿಮೆ, ಕಳಚಿ ಬಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ತೊಳೆದದ್ದು ಬೇರೆ, ಸೋಂಕು ಕಳೆದದ್ದು ಬೇರೆ

ಕತ್ತರಿಸುವ ಹಲಗೆ, ಚಾಕು, ಸ್ಲೈಸರ್‌ಗಳಿಗೆ ಕ್ರಮ ಹೀಗಿದೆ: ಉಳಿಕೆ ಕೆರೆದು ತೆಗೆಯುವುದು, ಬಿಸಿ ಸೋಪು ನೀರಲ್ಲಿ ತೊಳೆಯುವುದು, ಸೋಪು ಹೋಗುವಂತೆ ಜಾಲಿಸುವುದು, ಸ್ಯಾನಿಟೈಸರ್ ದ್ರಾವಣದಲ್ಲಿ ಅದ್ದುವುದು, ಗಾಳಿಯಲ್ಲಿ ಒಣಗಲು ಬಿಡುವುದು. ಒಂದು ಹೆಜ್ಜೆ ಹಾರಿಸಿದರೆ ಮುಂದಿನದು ಕೆಡುತ್ತದೆ. ಜಿಡ್ಡು ಉಳಿದಿದ್ದರೆ ಕ್ಲೋರಿನ್ ಆ ಜಿಡ್ಡಿನ ಜೊತೆ ಸೆಣಸಿಯೇ ಖರ್ಚಾಗುತ್ತದೆ. ಕ್ವಾಟ್ ಎಂದು ಕರೆಯುವ ಇನ್ನೊಂದು ಬಗೆಯ ಸ್ಯಾನಿಟೈಸರ್ ಸೋಪಿನ ಉಳಿಕೆ ಸೇರಿದರೆ ಬಲ ಕಳೆದುಕೊಳ್ಳುತ್ತದೆ. ಬಟ್ಟೆಯಿಂದ ಒರೆಸಿದರೆ ಬಟ್ಟೆಯಲ್ಲಿದ್ದದ್ದು ಮತ್ತೆ ಹಲಗೆಗೆ ಹತ್ತುತ್ತದೆ.

ಪ್ರಮಾಣಕ್ಕೆ ಕಣ್ಣಂದಾಜು ಬೇಡ. ಕ್ಲೋರಿನ್ ಸಾಮಾನ್ಯವಾಗಿ 50ರಿಂದ 100 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ದ್ರಾವಣದಲ್ಲಿ 50ರಿಂದ 100 ಭಾಗ, ಇರಬೇಕು. ಶೇ 5ರ ಬ್ಲೀಚಿನಲ್ಲಿ 50,000 ಪಿಪಿಎಂ ಇರುತ್ತದೆ, ಹಾಗಾಗಿ ಒಂದು ಲೀಟರ್ ನೀರಿಗೆ 2 ಮಿಲಿಲೀಟರ್ ಹಾಕಿದರೆ 100 ಪಿಪಿಎಂ. 10 ಲೀಟರಿನ ಬಕೆಟ್ಟಿಗೆ 20 ಮಿಲಿಲೀಟರ್, ಅಂದರೆ ನಾಲ್ಕು ಟೀ ಚಮಚ. ಅಂದಾಜಿನಲ್ಲಿ ಗ್ಲಕ್ಕನೆ ಸುರಿದರೆ 500 ದಾಟಿ ರಾಸಾಯನಿಕವೇ ಆಹಾರಕ್ಕೆ ಸೇರುತ್ತದೆ; ತಪಾಸಣೆಯಲ್ಲಿ ಅದೂ ತಪ್ಪೇ. ಬೆಳಿಗ್ಗೆ ಕಲಸಿದ ಬಕೆಟ್ಟಿನಲ್ಲಿ ಹತ್ತಾರು ಸಲ ಬಟ್ಟೆ ಅದ್ದಿದ ಮೇಲೆ ಮಧ್ಯಾಹ್ನಕ್ಕೆ ಪಿಪಿಎಂ ಶೂನ್ಯಕ್ಕೆ ಬಂದಿರುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ. ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿ ಇರುವುದು ಇದಕ್ಕೇ. ಪಟ್ಟಿಯ ಡಬ್ಬಿಯ ಸೀಲೇ ಒಡೆಯದೆ ಅವಧಿ ಮುಗಿದಿರುವುದನ್ನು ನೋಡಿದ ಅಧಿಕಾರಿಗೆ ಮುಂದೆ ಏನು ಬರೆಯಬೇಕೆಂದು ಗೊತ್ತು. ಬಿಸಿನೀರಿನ ಪಾತ್ರೆ ತೊಳೆಯುವ ಯಂತ್ರವಾದರೆ ಕೊನೆಯ ಜಾಲಿಕೆ ನೀರು 82 ಡಿಗ್ರಿ ಇದ್ದು, ತಟ್ಟೆಯ ಮೈ 71 ಮುಟ್ಟಬೇಕು.

ಎಲ್ಲರೂ ಮರೆಯುವ ಎರಡು ಜಾಗಗಳೆಂದರೆ ಟಿನ್ ಕತ್ತರಿಸುವ ಯಂತ್ರದ ಅಲಗು ಮತ್ತು ಸ್ಲೈಸರಿನ ಬ್ಲೇಡಿನ ಹಿಂಬದಿ. ಬಿಚ್ಚಿ ತೊಳೆಯದಿದ್ದರೆ ಹೊಳೆಯುವ ಸ್ಲೈಸರಿನ ಹಿಂದೆ ದಿನಗಳ ಮಾಂಸದ ಪದರ ಕೂತಿರುತ್ತದೆ. ಲಿಸ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುವ ಜೀವಿ, ಅದಕ್ಕೆ ಇಂಥ ಸಂದಿಗಳೇ ಮನೆ. ಬೇಯಿಸದೆ ತಿನ್ನುವ ತಯಾರಿ ಆಹಾರ 5 ಡಿಗ್ರಿಯಲ್ಲಿದ್ದರೂ ತಯಾರಿಸಿದ ದಿನವೂ ಸೇರಿ 7 ದಿನ ಮಾತ್ರ ಎಂಬ ಮಿತಿ ಬಂದಿರುವುದು ಮುಖ್ಯವಾಗಿ ಈ ಜೀವಿಯ ಭಯದಿಂದ. ದಿನಾಂಕದ ಚೀಟಿ ಇಲ್ಲದ ಡಬ್ಬಿಗೆ ವಯಸ್ಸು ಗೊತ್ತಿಲ್ಲ, ಅಧಿಕಾರಿ ಅದನ್ನು ಚೆಲ್ಲಿಸಿದರೆ ವಾದಿಸಿ ಫಲವಿಲ್ಲ.

ಫ್ರಿಜ್ಜಿನೊಳಗೆ ಜೋಡಿಸುವ ಕ್ರಮ ಎಷ್ಟು ಶಾಖದಲ್ಲಿ ಬೇಯುತ್ತದೆ ಎಂಬುದರ ಮೇಲೆ ನಿಂತಿದೆ. ನೇರ ತಿನ್ನುವಂಥದ್ದು ಮೇಲೆ, ಅದರ ಕೆಳಗೆ ಮೀನು, ಆಮೇಲೆ ಇಡೀ ಮಾಂಸ, ಆಮೇಲೆ ಕೊಚ್ಚಿದ್ದು, ಅತಿ ಕೆಳಗೆ ಕೋಳಿ. ರಸ ಕೆಳಕ್ಕೇ ತೊಟ್ಟಿಕ್ಕುವುದರಿಂದ ತೊಟ್ಟಿಕ್ಕಿದ್ದೆಲ್ಲ ಹೆಚ್ಚು ಬೇಯುವಂಥದರ ಮೇಲೇ ಬೀಳುತ್ತದೆ. ಹಸಿ ಕೋಳಿಯನ್ನು ನಲ್ಲಿಯಡಿ ತೊಳೆಯುವ ಅಭ್ಯಾಸವನ್ನಂತೂ ಬಿಡಬೇಕು. ಬ್ಯಾಕ್ಟೀರಿಯಾ ಹೋಗುವುದಿಲ್ಲ, ಸುತ್ತ ಸಿಡಿಯುತ್ತವೆ.

ಅಲರ್ಜಿಯ ವಿಷಯದಲ್ಲಿ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಶೇಂಗಾ, ಹಾಲು, ಸಿಗಡಿಯ ಪ್ರೋಟೀನನ್ನು ಅಡುಗೆಯ ಶಾಖ ಅಲರ್ಜಿ ತರದಂತೆ ಮಾಡುತ್ತದೆಂದು ನಂಬುವ ಹಾಗಿಲ್ಲ, ಸ್ಯಾನಿಟೈಸರ್ ಕೊಲ್ಲಲು ಅದು ಜೀವಿಯೂ ಅಲ್ಲ. ಸೋಪು ಹಾಕಿ ತೊಳೆದು ತೆಗೆಯುವುದೊಂದೇ ಉಪಾಯ. ಒಂದೇ ಎಣ್ಣೆಯಲ್ಲಿ ಸಿಗಡಿ ಕರಿದು ಆಮೇಲೆ ಆಲೂಗಡ್ಡೆ ಕರಿದರೆ ಆ ಆಲೂಗಡ್ಡೆ ಸಿಗಡಿ ಅಲರ್ಜಿಯವರಿಗೆ ಸಲ್ಲದು.

ಪುಸ್ತಕ, ಅಂಕ, ಬೀಗ

ಶಾಖದ ದಾಖಲೆ ಪುಸ್ತಕವನ್ನು ಅಧಿಕಾರಿ ಓದುವ ರೀತಿಯೇ ಬೇರೆ. ತಿಂಗಳಿಡೀ 3 ಡಿಗ್ರಿ, ಒಂದೇ ಪೆನ್ನು, ಒಂದೇ ಒತ್ತಡದ ಕೈಬರಹ. ಅದು ದಿನದಿನ ಬರೆದದ್ದಲ್ಲ, ಕೂತು ತುಂಬಿದ್ದು. ನಿಜವಾದ ಪುಸ್ತಕದಲ್ಲಿ ಅಂಕಿ ಏರುಪೇರಾಗುತ್ತದೆ, ಒಂದು ದಿನ 8 ಎಂದೂ ಇರುತ್ತದೆ, ಪಕ್ಕದಲ್ಲಿ 'ಬಾಗಿಲಿನ ರಬ್ಬರ್ ಹರಿದಿತ್ತು, ಹಾಲು ಚೆಲ್ಲಿದೆವು, ರಬ್ಬರ್ ಬದಲಿಸಿದೆವು' ಎಂಬ ಸಾಲಿರುತ್ತದೆ. ಹ್ಯಾಸಪ್ ಕೇಳುವುದೇ ಈ ಸಾಲನ್ನು: ಮಿತಿ ಮೀರಿದಾಗ ಏನು ಮಾಡಿದಿರಿ? ಎಡವಟ್ಟು ಬರೆದಿಟ್ಟ ಪುಸ್ತಕಕ್ಕೆ ಅಂಕ ಹೋಗುತ್ತದೆಂದು ಹೆದರುವವರು ಹೆಚ್ಚು, ಆದರೆ ಅಧಿಕಾರಿಯ ನಂಬಿಕೆ ಗಳಿಸುವುದು ಅಂಥದ್ದೇ.

ಬಾಗಿಲಿನ ಮೇಲೆ ಅಂಟಿಸುವ ಶ್ರೇಣಿಗಳು ಒಂದೊಂದು ಕಡೆ ಒಂದೊಂದು ಬಗೆ. ಲಾಸ್ ಏಂಜಲೀಸ್ ಕೌಂಟಿ 1998ರಲ್ಲಿ ಅಕ್ಷರ ಶ್ರೇಣಿ ತಂದಿತು. ನ್ಯೂಯಾರ್ಕ್ ನಗರದಲ್ಲಿ 2010ರಿಂದ ತಪ್ಪುಗಳಿಗೆ ಅಂಕ ಕೂಡುತ್ತಾರೆ, 13ರವರೆಗೆ 'ಎ', 14ರಿಂದ 27 'ಬಿ', ಅದರ ಮೇಲೆ 'ಸಿ'. ಬ್ರಿಟನ್ನಿನದ್ದು 0ಯಿಂದ 5, ಅಲ್ಲಿ ಹೆಚ್ಚಿದ್ದಷ್ಟೂ ಒಳ್ಳೆಯದು. ಡೆನ್ಮಾರ್ಕಿನಲ್ಲಿ ನಗುಮುಖದ ಚಿತ್ರ. ಯಾವುದೇ ಆದರೂ ಅದು ಒಂದು ದಿನದ, ಒಂದೆರಡು ಗಂಟೆಯ ಚಿತ್ರ. ಒಂದೇ 'ಎ' ಕೆಳಗೆ ಮುರಿದ ಟೈಲ್ಸಿನ ಅಡುಗೆಮನೆಯೂ ಇರಬಹುದು, ಬಿಸಿ ಕೌಂಟರ್ 50 ಡಿಗ್ರಿಯಲ್ಲಿದ್ದ ಅಡುಗೆಮನೆಯೂ ಇರಬಹುದು. ವರದಿ ಸಾರ್ವಜನಿಕವಾಗಿ ಸಿಗುವ ಕಡೆ ಅಕ್ಷರವನ್ನು ಬಿಟ್ಟು ವರದಿಯನ್ನೇ ಓದುವುದು ಮೇಲು. ಶಾಖ, ಕೈ, ಹಸಿ ಮಾಂಸದ ಬೆರಕೆ ಇವುಗಳಲ್ಲಿ ಒಂದೇ ತಪ್ಪು ಸತತ ಮೂರು ವರದಿಗಳಲ್ಲಿ ಮರುಕಳಿಸಿದ್ದರೆ ಒಟ್ಟು ಅಂಕ ಚೆನ್ನಾಗಿದ್ದರೂ ನಾನು ಆ ಕಡೆ ಹೋಗುವುದಿಲ್ಲ.

ಅಂಕದ ಪ್ರಶ್ನೆಯೇ ಇಲ್ಲದೆ ತಕ್ಷಣ ಮುಚ್ಚಿಸುವ ಸಂದರ್ಭಗಳು ಕೆಲವೇ: ನೀರು ನಿಂತುಹೋಗುವುದು, ಚರಂಡಿ ನೀರು ಒಳನುಗ್ಗುವುದು, ಬೆಂಕಿ, ದೀರ್ಘ ಹೊತ್ತು ಕರೆಂಟ್ ಇಲ್ಲದಿರುವುದು, ಇಲಿ ಜಿರಳೆಗಳ ವಿಪರೀತ ಕಾಟ, ಉಂಡವರು ಗುಂಪಾಗಿ ಕಾಯಿಲೆ ಬಿದ್ದಿರುವುದು. ನೀರು, ಚರಂಡಿ, ಬೆಂಕಿ, ಕರೆಂಟಿನ ವಿಷಯದಲ್ಲಿ ಅಧಿಕಾರಿಗಾಗಿ ಕಾಯದೆ ಅಡುಗೆಮನೆಯೇ ಕೆಲಸ ನಿಲ್ಲಿಸಿ ತಿಳಿಸಬೇಕು. ಕರೆಂಟ್ ಹೋದರೆ ಮೊದಲು ಹೊತ್ತು ಬರೆದಿಡಿ, ಫ್ರಿಜ್ ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ ಚಳಿ ಹಿಡಿದಿಡುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಕರೆಂಟ್ ಬಂದ ಮೇಲೆ ಪ್ರತಿ ಹಲಗೆಯಿಂದ ಒಂದೊಂದು ಡಬ್ಬಿಯ ನಡುಭಾಗ ಅಳೆಯಿರಿ. 5 ಡಿಗ್ರಿ ದಾಟಿ 4 ಗಂಟೆ ಕಳೆದದ್ದನ್ನು ಚೆಲ್ಲಿ, ಏನು ಎಷ್ಟು ಚೆಲ್ಲಿದಿರಿ ಎಂಬುದನ್ನೂ ಬರೆಯಿರಿ. ಮತ್ತೆ ತೆರೆಯಲು ಒಪ್ಪಿಗೆ ಕೊಡಲು ಬರುವ ಅಧಿಕಾರಿ ಮೊದಲು ಕೇಳುವುದು ಆ ಪಟ್ಟಿಯನ್ನು.